ಹೊಸ್ತಿಲು ದಾಟುವ ಎರಡು ಟನ್ ಕಬ್ಬಿಣ

ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವ ಯಂತ್ರದ ಗೇರ್ ಸವೆದರೂ, ಚಿಂತಾಮಣಿಯಲ್ಲಿ ಪಂಪಿನ ಶಾಫ್ಟ್‌ಗೆ ಕೀವೇ ಎಂಬ ಕಚ್ಚು ಕೊರೆಯಬೇಕಾದರೂ ಮಿಲ್ಲಿಂಗ್ ಮಷೀನ್ ಬೇಕು. ಲೇತಿನಲ್ಲಿ ತಿರುಗುವುದು ಕೆಲಸದ ತುಂಡು. ಇಲ್ಲಿ ತಿರುಗುವುದು ಕಟ್ಟರ್. ಹೊಸದು ದುಬಾರಿ. ಹಾಗಾಗಿ ಮನೆ ಹಿತ್ತಲಲ್ಲೇ ವರ್ಕ್‌ಶಾಪ್ ಕಟ್ಟುವವರ ಕಣ್ಣು ಬೆಂಗಳೂರಿನ ಕಾರ್ಖಾನೆಗಳು ಕಂಪ್ಯೂಟರ್ ನಡೆಸುವ ಸಿಎನ್‌ಸಿಗೆ ಬದಲಾದಾಗ ಹೊರಹಾಕುವ ಹಳೆಯ ಯಂತ್ರಗಳ ಮೇಲೆ. ಅದರಲ್ಲೂ ಎಚ್‌ಎಂಟಿ ಎಂದರೆ ಇವತ್ತಿಗೂ ಬೆಲೆಯಿದೆ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ನೆರವಿನಿಂದ ಲೇತ್ ತಯಾರಿಕೆಗೆ ಇಳಿಯಿತು. ಮುಂದೆ ಅದರ ಪಿಂಜೋರ್ ಘಟಕ ಮಿಲ್ಲಿಂಗ್ ಮಷೀನುಗಳಿಗೆ ಹೆಸರಾಯಿತು.

ಮಧ್ಯಮ ಗಾತ್ರದ ಒಂದು ಯಂತ್ರವೇ ಎರಡು ಟನ್ ಆಸುಪಾಸು ತೂಗುತ್ತದೆ. ಆ ತೂಕ ಸುಮ್ಮನೆ ಬಂದದ್ದಲ್ಲ. ಕಟ್ಟರಿನ ಹಲ್ಲುಗಳು ಲೋಹವನ್ನು ಬಿಟ್ಟುಬಿಟ್ಟು ಹೊಡೆಯುತ್ತವೆ. ಆ ಅದುರುವಿಕೆಯನ್ನು ಅರಗಿಸಿಕೊಳ್ಳಲು ಎರಕದ ಕಬ್ಬಿಣದ ದಪ್ಪ ಮೈ ಬೇಕೇ ಬೇಕು.

ಲಾರಿಯಿಂದ ಇಳಿಸಲು ಹೈಡ್ರಾ ಕ್ರೇನ್ ಸಾಕು. ಶೆಡ್ಡಿನ ಬಾಗಿಲಲ್ಲಿ ಅದರ ಆಟ ಮುಗಿಯುತ್ತದೆ. ಅಲ್ಲಿಂದ ಮುಂದೆ ಹಾರೆ, ಜಾಕಿ, ಕಬ್ಬಿಣದ ಪೈಪುಗಳದೇ ಕಾರುಬಾರು. ಹೊರಡುವ ಮುನ್ನವೇ ಟೇಬಲ್ಲನ್ನು ನಡುವಿಗೆ ತಂದು, ಅದನ್ನು ಹೊತ್ತ ನೀ (knee) ಎಂಬ ಭಾಗವನ್ನು ಪೂರ್ತಿ ಕೆಳಗಿಳಿಸಿ, ಎಲ್ಲವನ್ನೂ ಲಾಕ್ ಮಾಡಿರಬೇಕು. ಭಾರ ಮೇಲಿದ್ದರೆ ಯಂತ್ರ ಮಗುಚೀತು. ಜಾಕಿಯಿಂದ ಒಂದಿಷ್ಟು ಎತ್ತಿ, ಎತ್ತಿದಷ್ಟಕ್ಕೂ ಅಡಿಯಲ್ಲಿ ಮರದ ದಿಮ್ಮಿ ಕೊಟ್ಟು, ಪೈಪು ತೂರಿಸುತ್ತಾರೆ. ಯಂತ್ರ ಮುಂದೆ ಉರುಳಿದಂತೆ ಹಿಂದೆ ಬಿಡುಗಡೆಯಾದ ಪೈಪನ್ನು ತಂದು ಮುಂದಿಡುತ್ತಾರೆ. ತಿರುಗಿಸಬೇಕೇ? ಮುಂದಿನ ಪೈಪಿನ ಒಂದು ತುದಿಗೆ ಸುತ್ತಿಗೆಯಿಂದ ಏಟು ಕೊಟ್ಟು ಓರೆ ಮಾಡಿದರೆ ಯಂತ್ರ ತಿರುಗುತ್ತದೆ. ವಾಲಿ ಬೀಳುವಂತಾದರೆ ಹಿಡಿಯಲು ಹೋಗದೆ ದೂರ ಸರಿಯಬೇಕು. ಅದೇ ಮೊದಲ ಪಾಠ.

ಚಿಕ್ಕಬಳ್ಳಾಪುರದ ಕಡೆ ಈ ವಿದ್ಯೆ ಅಪರಿಚಿತವಲ್ಲ. ದ್ರಾಕ್ಷಿ ಚಪ್ಪರದ ಕಲ್ಲುಕಂಬ, ಕ್ವಾರಿಯ ಬಂಡೆ ಜರುಗುವುದೂ ಹೀಗೇ ಹಾರೆಯ ಮೀಟಿನಿಂದ. ಆದರೆ ಕಲ್ಲಿನ ಮೂಲೆ ಚಕ್ಕೆಯೆದ್ದರೆ ನಡೆಯುತ್ತದೆ. ಮಿಲ್ಲಿಂಗ್ ಮಷೀನಿನ ಜಾರುಪಟ್ಟಿಗಳು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದಲ್ಲಿ ಸವರಿದಂಥವು. ಟೇಬಲ್ಲಿಗೋ ಸ್ಪಿಂಡಲ್ಲಿಗೋ ಹಗ್ಗ ಬಿಗಿದು ಎಳೆದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಒಳಗೆ ಬಂದರೂ ಕೆಲಸ ಮುಗಿಯದು. ಮನೆಯ ಟೈಲ್ಸ್ ನೆಲ ಈ ಭಾರಕ್ಕೆ ಬಿರಿಯುತ್ತದೆ. ಕಾಂಕ್ರೀಟ್ ಹಾಸನ್ನು ಮೊದಲೇ ಹಾಕಿ, ನೀರುಣಿಸಿ ಗಟ್ಟಿಯಾಗಲು ಬಿಟ್ಟಿರಬೇಕು. ಕಾರ್ಖಾನೆಯ ಮೋಟರಿಗೆ ಮೂರು ಫೇಸ್ ಕರೆಂಟು ಬೇಕು, ಮನೆಗಿರುವುದು ಸಾಮಾನ್ಯವಾಗಿ ಒಂದೇ. ಬೆಸ್ಕಾಂಗೆ ಅರ್ಜಿ ಹಾಕಬೇಕು. ಕೊನೆಗೆ ಟೇಬಲ್ ಮೇಲೆ ಉದ್ದಕ್ಕೂ ಅಡ್ಡಕ್ಕೂ ಸ್ಪಿರಿಟ್ ಲೆವೆಲ್ ಇಟ್ಟು, ಬುಡಕ್ಕೆ ತೆಳು ತಗಡು ಸೇರಿಸುತ್ತಾ ಗುಳ್ಳೆ ನಡುವೆ ನಿಲ್ಲುವವರೆಗೆ ತಾಳ್ಮೆ ಬೇಕು. ಇದನ್ನು ಬಿಟ್ಟವರಿಗೆ ಮುಂದೆ ಕೆಲಸದ ನಿಖರತೆ ಕೆಟ್ಟೀತು.

ಹಳೆಯ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ಕ್ರೇನು, ಕೂಲಿ, ಕಾಂಕ್ರೀಟು, ಕರೆಂಟು ಇಷ್ಟನ್ನೂ ಕೂಡಿಸಿಯೇ ಬೆಲೆ ಕಟ್ಟಬೇಕು. ಮುಂಗಡ ಕೊಡುವ ಮೊದಲು ಶೆಡ್ಡಿನ ಬಾಗಿಲಿನ ಅಗಲ ಅಳೆದುಕೊಳ್ಳುವುದು ಜಾಣತನ.