ತಂದೆತಾಯಿಗಳ ಕಾಲಾನಂತರ

ಬುದ್ಧಿಮಾಂದ್ಯನಾದ ಮಗನಿಗೆ 18 ವರ್ಷ ತುಂಬಿದೊಡನೆ ಅವನ ಪರವಾಗಿ ಸಹಿ ಮಾಡುವ ತಂದೆಯ ಅಧಿಕಾರವು ಕಾನೂನಿನ ದೃಷ್ಟಿಯಲ್ಲಿ ಮುಗಿಯಿತೆಂಬುದನ್ನು ಬಲ್ಲವರು ವಿರಳ. ಬ್ಯಾಂಕಿನ ಗುಮಾಸ್ತನು ಕಾಗದವನ್ನು ಹಿಂದಿರುಗಿಸಿದಾಗಲೇ ಅನೇಕರಿಗೆ ಇದರ ಅರಿವಾಗುವುದು. ಇಂಥವರಿಗಾಗಿಯೂ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮೊದಲಾದವುಗಳಿಂದ ಬಾಧಿತರಾದವರಿಗಾಗಿಯೂ 1999ನೆಯ ಇಸವಿಯ ನ್ಯಾಷನಲ್ ಟ್ರಸ್ಟ್ ಕಾಯಿದೆಯು ದಾರಿಯನ್ನು ತೆರೆದಿದೆ. ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಸಮಿತಿಗೆ ಅರ್ಜಿಯನ್ನು ಕೊಟ್ಟು ಪಾಲಕರ ನೇಮಕವನ್ನು ಕೋರಬಹುದು.

ಪಾಲಕನೆಂದರೆ ಒಡೆಯನಲ್ಲ. ಆರು ತಿಂಗಳೊಳಗಾಗಿ ಆಸ್ತಿಯ ಪಟ್ಟಿಯನ್ನೂ, ಬಳಿಕ ವರ್ಷವರ್ಷವೂ ಲೆಕ್ಕವನ್ನೂ ಅವನು ಒಪ್ಪಿಸತಕ್ಕದ್ದು. ಸ್ವತ್ತನ್ನು ದುರುಪಯೋಗಪಡಿಸಿದರೆ ಅವನನ್ನು ತೆಗೆದುಹಾಕಲೂಬಹುದು. “ನಾವಿಲ್ಲವೆ?” ಎಂದು ಒಡಹುಟ್ಟಿದವರು ಹೇಳುವುದುಂಟು. ಒಳ್ಳೆಯ ಮಾತೇ, ಆದರೆ ಪಾಲುಪಾರೀಕತ್ತಿನ ದಿನ ಆ ಮಾತು ಎಷ್ಟು ಮನೆಗಳಲ್ಲಿ ನಿಂತಿದೆ? ಇಂಥವರೇ ಪಾಲಕರಾಗಲೆಂದು ಹೆಸರಿಸಿ ಅರ್ಜಿ ಹಾಕುವ ಹಕ್ಕು ತಂದೆತಾಯಿಗಳಿಗುಂಟು. ಅವರು ಬದುಕಿರುವವರೆಗೆ ಮಾತ್ರ.