ಊರಿನ ಆಡಳಿತದಲ್ಲಿ ಕಿರಿಯರ ಪಾಲು: ಯುವ ನಗರ ಪರಿಷತ್ತಿನಿಂದ ಮಕ್ಕಳ ಗ್ರಾಮ ಸಭೆಯವರೆಗೆ

ಎಂಟನೇ ತರಗತಿಯ ವಿದ್ಯಾರ್ಥಿಗೆ ಸಾಮಾನ್ಯವಾಗಿ 13 ವರ್ಷ. ಮತ ಹಾಕಬೇಕಾದರೆ ಅವನು ಇನ್ನೂ 5 ವರ್ಷ ಕಾಯಬೇಕು. ಗ್ರಾಮ ಪಂಚಾಯಿತಿಗೋ ಪುರಸಭೆಗೋ ಸ್ಪರ್ಧಿಸಬೇಕಾದರೆ 8 ವರ್ಷ ಕಾಯಬೇಕು, ಏಕೆಂದರೆ ಅದಕ್ಕೆ 21 ವರ್ಷ ತುಂಬಿರಬೇಕು. ಆದರೆ ಊರಿನ ರಸ್ತೆ, ಕುಡಿಯುವ ನೀರು, ಬೀದಿದೀಪ, ಚರಂಡಿ, ಆಟದ ಬಯಲು, ಗ್ರಂಥಾಲಯ ಇವೆಲ್ಲವನ್ನೂ ಅವನು ಇಂದೇ ಬಳಸುತ್ತಿದ್ದಾನೆ. ಈ ಕಾಯುವ ವರ್ಷಗಳಲ್ಲಿ ಅವನಿಗೂ ಊರಿನ ಆಡಳಿತಕ್ಕೂ ಯಾವ ಸಂಬಂಧವಿರಬೇಕು ಎಂಬುದು ಈ ಲೇಖನದ ಪ್ರಶ್ನೆ. ಸಂಬಂಧವೇ ಬೇಡವೆಂದು ಬಿಟ್ಟರೆ 18 ತುಂಬಿದ ದಿನ ಮತದಾರರ ಗುರುತಿನ ಚೀಟಿ ಬರುತ್ತದೆ. ಆದರೆ ಯಾವ ಕೆಲಸಕ್ಕೆ ಯಾವ ಕಚೇರಿಗೆ ಹೋಗಬೇಕು, ಅರ್ಜಿಯಲ್ಲಿ ಏನು ಬರೆಯಬೇಕು, ಉತ್ತರ ಬರದಿದ್ದರೆ ಏನು ಮಾಡಬೇಕು ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಈ ಅಂತರವನ್ನು ತುಂಬಲು ಹಲವು ದೇಶಗಳು ಕಂಡುಕೊಂಡಿರುವ ಒಂದು ಉಪಾಯವೇ ಯುವ ನಗರ ಪರಿಷತ್ತು. ಅದು ಹೇಗೆ ಕೆಲಸ ಮಾಡುತ್ತದೆ, ನಮ್ಮ ರಾಜ್ಯದಲ್ಲಿ ಅದಕ್ಕೆ ಸಮಾನವಾದದ್ದು ಏನಿದೆ, ಬೋಧನಾಭ್ಯಾಸಕ್ಕೆ ಹೋಗುವ ನಾವು ಅದರಿಂದ ಏನು ಪಡೆಯಬಹುದು ಎಂಬುದನ್ನು ಕ್ರಮವಾಗಿ ವಿವರಿಸುತ್ತೇನೆ.

ಪರಿಷತ್ತು ಎಂದರೇನು?

ನಗರಸಭೆಯ ಪಕ್ಕದಲ್ಲಿ, ಅದೇ ನಗರದ ಕಿರಿಯರು ಸದಸ್ಯರಾಗಿರುವ ಇನ್ನೊಂದು ಸಭೆ ಇದು. ನಗರಸಭೆಯ ಅಧಿಕಾರ ಇದಕ್ಕಿರುವುದಿಲ್ಲ. ಕಿರಿಯರಿಗೆ ಸಂಬಂಧಿಸಿದ ವಿಷಯಗಳನ್ನು ಚರ್ಚಿಸುವುದು, ನಗರಸಭೆಗೆ ಪ್ರಸ್ತಾವ ಕಳಿಸುವುದು, ಅಲ್ಲಿಂದ ಬಂದ ಉತ್ತರವನ್ನು ತಮ್ಮ ಶಾಲೆ ಮತ್ತು ಬಡಾವಣೆಗೆ ತಿಳಿಸುವುದು ಇದರ ಕೆಲಸ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರಕ್ಕೆ ಹೊಂದಿಕೊಂಡಿರುವ ಶಿಲ್ಟಿಗ್‌ಹೈಮ್ ಪಟ್ಟಣದಲ್ಲಿ 1979ರಲ್ಲಿ ಮಕ್ಕಳ ನಗರ ಪರಿಷತ್ತು ಆರಂಭವಾಯಿತು. ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಮಕ್ಕಳ ವರ್ಷವೆಂದು ಘೋಷಿಸಿದ ವರ್ಷ ಅದು. ಜರ್ಮನಿಯಲ್ಲಿ ಇಂಥ ಮೊದಲ ಪರಿಷತ್ತು 1985ರಲ್ಲಿ ವೈನ್‌ಗಾರ್ಟನ್ ಎಂಬ ಪಟ್ಟಣದಲ್ಲಿ ರಚನೆಯಾಯಿತು. 1989ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂತು. ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಾಗೂ ಆ ಅಭಿಪ್ರಾಯಕ್ಕೆ ವಯಸ್ಸು, ಪ್ರೌಢತೆಗೆ ತಕ್ಕ ಮನ್ನಣೆ ಪಡೆಯುವ ಹಕ್ಕು ಮಕ್ಕಳಿಗಿದೆ ಎಂದು ಅದರ 12ನೇ ವಿಧಿ ಹೇಳುತ್ತದೆ. ಭಾರತ 1992ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು.

ಪರಿಷತ್ತು ಕೆಲಸ ಮಾಡುವ ಬಗೆ

ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿ ನೋಡೋಣ.

ಮೊದಲನೆಯದು ವೈನ್‌ಗಾರ್ಟನ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದ ಕಾನೂನು. ಕಿರಿಯರಿಗೆ ಸಂಬಂಧಿಸಿದ ಯೋಜನೆಗಳಲ್ಲಿ ಅವರನ್ನು ಸೇರಿಸಿಕೊಳ್ಳುವುದು ಅಲ್ಲಿನ ಸ್ಥಳೀಯ ಸಂಸ್ಥೆಗಳ ಕರ್ತವ್ಯ. ಕಿರಿಯರೇ ಸಹಿ ಸಂಗ್ರಹಿಸಿ ತಮಗೊಂದು ಯುವ ಪರಿಷತ್ತು ಬೇಕೆಂದು ಅರ್ಜಿ ಸಲ್ಲಿಸಬಹುದು. 20,000ದವರೆಗೆ ಜನಸಂಖ್ಯೆ ಇರುವ ಊರಿನಲ್ಲಿ 20 ಸಹಿ ಸಾಕು. 50,000ದವರೆಗೆ 50, 2 ಲಕ್ಷದವರೆಗೆ 150, ಅದಕ್ಕೂ ದೊಡ್ಡ ನಗರದಲ್ಲಿ 250. ಅರ್ಜಿ ಬಂದ 3 ತಿಂಗಳೊಳಗೆ ನಗರಸಭೆ ಕಿರಿಯರ ಪ್ರತಿನಿಧಿಗಳ ಮಾತು ಕೇಳಿ ತೀರ್ಮಾನ ಕೈಗೊಳ್ಳಬೇಕು. ಪರಿಷತ್ತು ರಚನೆಯಾದ ಮೇಲೆ, ಕಿರಿಯರ ವಿಷಯ ಬಂದಾಗ ನಗರಸಭೆಯಲ್ಲಿ ಮಾತನಾಡುವ, ಪ್ರಸ್ತಾವ ಮಂಡಿಸುವ ಹಕ್ಕು ಅದಕ್ಕಿರುತ್ತದೆ. ಇಲ್ಲಿ ಗಮನಿಸಬೇಕಾದುದು ಆ 3 ತಿಂಗಳ ಗಡುವು. ಹಿರಿಯರು 'ನೋಡೋಣ' ಎಂದು ಹೇಳಿ ಸುಮ್ಮನಾಗಲು ಅವಕಾಶವಿಲ್ಲ.

ಎರಡನೆಯದು ಅಮೆರಿಕದ ಬೋಸ್ಟನ್. ಅಲ್ಲಿ 1994ರಿಂದ ಮೇಯರ್ ಅವರ ಯುವ ಪರಿಷತ್ತು ಇದೆ. 2014ರಲ್ಲಿ ನಗರದ ಬಂಡವಾಳ ಆಯವ್ಯಯದಿಂದ 10 ಲಕ್ಷ ಡಾಲರನ್ನು ತೆಗೆದಿಟ್ಟು, ಅದನ್ನು ಯಾವುದಕ್ಕೆ ಖರ್ಚು ಮಾಡಬೇಕೆಂದು ತೀರ್ಮಾನಿಸುವ ಹೊಣೆಯನ್ನು ಕಿರಿಯರಿಗೇ ಬಿಡಲಾಯಿತು. ಮೊದಲು ಬಡಾವಣೆಗಳಲ್ಲಿ ಸಭೆ ನಡೆಸಿ ಸಲಹೆಗಳನ್ನು ಸಂಗ್ರಹಿಸಿದರು. ಬಳಿಕ ಕಿರಿಯ ಸ್ವಯಂಸೇವಕರು ನಗರಾಡಳಿತದ ಸಿಬ್ಬಂದಿಯೊಂದಿಗೆ ಕುಳಿತು ಪ್ರತಿ ಸಲಹೆಗೆ ಎಷ್ಟು ಖರ್ಚಾಗುತ್ತದೆ, ಅದು ಸಾಧ್ಯವೇ ಎಂದು ಲೆಕ್ಕ ಹಾಕಿದರು. ಕೊನೆಗೆ 12ರಿಂದ 25 ವರ್ಷದವರು ಮತ ಹಾಕಿದರು. ಆಯ್ಕೆಯಾದ ಕಾಮಗಾರಿಗಳಲ್ಲಿ ಉದ್ಯಾನದ ಆಟದ ಜಾಗದ ಸುಧಾರಣೆ, ಪ್ರೌಢಶಾಲೆಗಳಿಗೆ ಲ್ಯಾಪ್‌ಟಾಪ್ ಸೇರಿದ್ದವು. ಈ ಮೂರು ಹಂತಗಳಲ್ಲಿ ನಡುವಿನದೇ ಶೈಕ್ಷಣಿಕವಾಗಿ ಮುಖ್ಯವೆಂದು ನನಗನ್ನಿಸುತ್ತದೆ. 'ಬೇಕು' ಎನ್ನುವುದಕ್ಕೂ 'ಇಷ್ಟು ಹಣದಲ್ಲಿ ಇದು ಆಗುತ್ತದೆ, ಇದು ಆಗುವುದಿಲ್ಲ' ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕಿರಿಯರು ಅಲ್ಲಿ ಕಲಿಯುತ್ತಾರೆ.

ಪಾಲ್ಗೊಳ್ಳುವಿಕೆಯ ಏಣಿ

ಎಲ್ಲ ಪರಿಷತ್ತುಗಳೂ ಹೀಗೆ ನಡೆಯುವುದಿಲ್ಲ. ರೋಜರ್ ಹಾರ್ಟ್ ಅವರು 1992ರಲ್ಲಿ ಯೂನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಪಾಲ್ಗೊಳ್ಳುವಿಕೆಯನ್ನು 8 ಮೆಟ್ಟಿಲುಗಳ ಏಣಿಯಾಗಿ ತೋರಿಸಿದ್ದಾರೆ. ಕೆಳಗಿನ 3 ಮೆಟ್ಟಿಲುಗಳು ಪಾಲ್ಗೊಳ್ಳುವಿಕೆಯೇ ಅಲ್ಲ ಎಂಬುದು ಅವರ ನಿಲುವು. ಹಿರಿಯರು ತಮ್ಮ ಉದ್ದೇಶಕ್ಕೆ ಮಕ್ಕಳನ್ನು ಬಳಸಿಕೊಳ್ಳುವುದು ಮೊದಲನೆಯದು. ಅಲಂಕಾರಕ್ಕೆ ನಿಲ್ಲಿಸುವುದು ಎರಡನೆಯದು. ತೋರಿಕೆಗೆ ಮಾತ್ರ ಮಾತನಾಡಿಸುವುದು ಮೂರನೆಯದು. ಅಲ್ಲಿಂದ ಮೇಲೆ, ಮಕ್ಕಳಿಗೆ ವಿಷಯ ತಿಳಿಸಿ ಕೆಲಸ ಒಪ್ಪಿಸುವುದು, ಅವರ ಅಭಿಪ್ರಾಯ ಕೇಳಿ ಅದು ಏನಾಯಿತೆಂದು ತಿಳಿಸುವುದು, ಹಿರಿಯರು ಆರಂಭಿಸಿದರೂ ತೀರ್ಮಾನವನ್ನು ಹಂಚಿಕೊಳ್ಳುವುದು, ಮಕ್ಕಳೇ ಆರಂಭಿಸಿ ನಡೆಸುವುದು, ಮಕ್ಕಳು ಆರಂಭಿಸಿ ಹಿರಿಯರೊಂದಿಗೆ ಸೇರಿ ತೀರ್ಮಾನಿಸುವುದು ಎಂಬ ಮೆಟ್ಟಿಲುಗಳಿವೆ.

ಈ ಏಣಿಯನ್ನು ನಮ್ಮ ಶಾಲೆಗಳಿಗೆ ಹಚ್ಚಿ ನೋಡಬಹುದು. ಗಣ್ಯರು ಬಂದಾಗ ಬಿಸಿಲಿನಲ್ಲಿ ಹೂಗುಚ್ಛ ಹಿಡಿದು ಸಾಲಾಗಿ ನಿಲ್ಲುವುದು ಎರಡನೆಯ ಮೆಟ್ಟಿಲು. ಶಾಲಾ ಸಂಸತ್ತಿನ 'ಆರೋಗ್ಯ ಮಂತ್ರಿ' ಪ್ರಮಾಣವಚನ ಸ್ವೀಕರಿಸಿ, ವರ್ಷವಿಡೀ ಒಂದು ಸಭೆಯೂ ನಡೆಯದಿದ್ದರೆ ಅದು ಮೂರನೆಯದು. ಅದೇ ಮಂತ್ರಿ ವಾರಕ್ಕೊಮ್ಮೆ ಶೌಚಾಲಯದ ನೀರಿನ ಸ್ಥಿತಿಯನ್ನು ಪುಸ್ತಕದಲ್ಲಿ ದಾಖಲಿಸಿ, ಎಸ್‌ಡಿಎಂಸಿ ಸಭೆಯಲ್ಲಿ ಓದಿ, ಉತ್ತರವನ್ನು ತರಗತಿಗೆ ತಂದು ಹೇಳಿದರೆ ಅದು ಐದನೆಯ ಮೆಟ್ಟಿಲಾಯಿತು. ಹೊಸ ಹುದ್ದೆ, ಹೊಸ ಖರ್ಚು ಯಾವುದೂ ಇಲ್ಲದೆ ಎರಡು ಮೆಟ್ಟಿಲು ಮೇಲೆ ಬಂದಂತಾಯಿತು.

ಕರ್ನಾಟಕದಲ್ಲಿ

ಈ ವಿಷಯದಲ್ಲಿ ನಾವು ಹೊರಗಿನಿಂದ ಕಲಿಯುವುದಷ್ಟೇ ಅಲ್ಲ, ನಮ್ಮಲ್ಲೇ ನಡೆದ ಕೆಲಸವಿದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಕೆರಾಡಿ ಮುಂತಾದ ಗ್ರಾಮ ಪಂಚಾಯಿತಿಗಳಲ್ಲಿ, ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುತ್ತಿದ್ದ ಸ್ವಯಂಸೇವಾ ಸಂಸ್ಥೆ ಹಾಗೂ ದುಡಿಯುವ ಮಕ್ಕಳದೇ ಸಂಘಟನೆಯಾದ ಭೀಮ ಸಂಘದ ಪ್ರಯತ್ನದಿಂದ ಮಕ್ಕಳ ಪಂಚಾಯಿತಿಗಳು ಆರಂಭವಾದವು. ಮಕ್ಕಳೇ ಮತ ಹಾಕಿ ಸದಸ್ಯರನ್ನು ಆರಿಸಿದರು. ದುಡಿಯುವ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಅಂಗವಿಕಲ ಮಕ್ಕಳಿಗೂ ಸ್ಥಾನಗಳನ್ನು ಮೀಸಲಿಡಲಾಯಿತು. ಶಾಲೆಗೆ ಹೋಗುವವರ ಧ್ವನಿಯಷ್ಟೇ ಕೇಳಿಸಿ, ಹೋಗಲಾಗದವರದು ಹಿಂದುಳಿಯಬಾರದೆಂಬುದು ಇದರ ಕಾರಣ. ಆ ಮಕ್ಕಳು ಬೇಡಿಕೆ ಇಡುವ ಮೊದಲು ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿ ಮಾಹಿತಿ ಸಂಗ್ರಹಿಸಿದರು. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಶಾಲೆಯ ದಾರಿಯೇ ಮುಚ್ಚಿಹೋಗುವ ಆ ಸೀಮೆಯಲ್ಲಿ ಒಂದು ಕಾಲುಸಂಕವೆಂದರೆ ಕಲಿಕೆಯ ಪ್ರಶ್ನೆಯೂ ಹೌದು, ಜೀವದ ಪ್ರಶ್ನೆಯೂ ಹೌದು.

ಸಂವಿಧಾನದ ಪ್ರಕಾರ ಗ್ರಾಮ ಸಭೆಯ ಸದಸ್ಯರೆಂದರೆ ಮತದಾರರ ಪಟ್ಟಿಯಲ್ಲಿ ಇರುವವರು. ಹಾಗಾಗಿ 18 ತುಂಬದವರು ಅದರಲ್ಲಿ ಲೆಕ್ಕಕ್ಕಿಲ್ಲ. ಈ ಕೊರತೆ ತುಂಬಲು ರಾಜ್ಯ ಸರ್ಕಾರ 2006ರಿಂದ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮ ಸಭೆ ನಡೆಸುವ ಪದ್ಧತಿಯನ್ನು ತಂದಿತು. ಅಧ್ಯಕ್ಷರು, ಸದಸ್ಯರು, ಪಿಡಿಒ, ಶಾಲೆ, ಅಂಗನವಾಡಿ, ಆರೋಗ್ಯ ಇಲಾಖೆಯವರು ಕುಳಿತಿರುವಾಗ ಮಕ್ಕಳು ಪ್ರಶ್ನೆ ಕೇಳುತ್ತಾರೆ. ನಗರಗಳಲ್ಲಿ ಇಂಥ ವ್ಯವಸ್ಥೆ ಇಷ್ಟು ವ್ಯಾಪಕವಾಗಿ ಬೆಳೆದಿಲ್ಲ. 3 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನ ಹೇಳುತ್ತದಾದರೂ ಅದು ಹಿರಿಯರ ಸಮಿತಿ. ಹಳ್ಳಿಯ ಹುಡುಗಿಗೆ ವರ್ಷಕ್ಕೊಮ್ಮೆ ಸಿಗುವ ಮೈಕು ನಗರದ ಬಡಾವಣೆಯ ಹುಡುಗಿಗೆ ಸಿಗುವುದಿಲ್ಲ.

ತರಗತಿಯಲ್ಲಿ ಏನು ಮಾಡಬಹುದು?

ನನ್ನ ಬೋಧನಾ ವಿಷಯ ಗಣಿತ ಮತ್ತು ಭೌತವಿಜ್ಞಾನ. ಇದು ಸಮಾಜ ವಿಜ್ಞಾನದವರ ಕೆಲಸವಲ್ಲವೇ ಎಂದು ಸಹಪಾಠಿಗಳು ಕೇಳಿದ್ದುಂಟು. ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಗೆ ದತ್ತಾಂಶಗಳ ನಿರ್ವಹಣೆ ಪಾಠ ನನ್ನ ಪಾಲಿಗೆ ಬಂತು. ಪಾಠಯೋಜನೆಯ ಅನ್ವೇಷಣೆ ಹಂತದಲ್ಲಿ, ಪುಸ್ತಕದ ದತ್ತಾಂಶಕ್ಕೆ ಬದಲಾಗಿ ಶಾಲೆಯಿಂದ ತಮ್ಮ ಮನೆಯವರೆಗಿನ ಬೀದಿದೀಪದ ಕಂಬಗಳನ್ನು ಎಣಿಸಿಕೊಂಡು ಬರಲು ಹೇಳಿದೆ. ಉರಿಯುವವು, ಉರಿಯದವು, ದೀಪವೇ ಇಲ್ಲದವು ಎಂದು ಮೂರು ವರ್ಗ. ಮಕ್ಕಳು ತಾಳೆ ಗುರುತು ಹಾಕಿದರು, ಆವೃತ್ತಿ ವಿತರಣಾ ಪಟ್ಟಿ ಮಾಡಿದರು, ಸ್ತಂಭಾಲೇಖ ಬರೆದರು. ಇಬ್ಬರು ಒಂದೇ ಬೀದಿಯನ್ನು ಬೇರೆ ಬೇರೆಯಾಗಿ ಎಣಿಸಿದ್ದರಿಂದ, ಯಾರ ಲೆಕ್ಕ ಸರಿ ಎಂಬ ಜಗಳವೂ ನಡೆಯಿತು. ಮರುದಿನ ಸಂಜೆ ಇಬ್ಬರೂ ಜೊತೆಯಾಗಿ ಹೋಗಿ ಎಣಿಸಿ ಬಂದರು. ದತ್ತಾಂಶವನ್ನು ಪರಿಶೀಲಿಸಬೇಕೆಂಬ ಕಲಿಕಾಂಶವನ್ನು ನಾನು ಬೇರೆಯಾಗಿ ಹೇಳಬೇಕಾಗಲಿಲ್ಲ.

ಆಮೇಲೆ ಒಬ್ಬಳು ಕೇಳಿದಳು: "ಮೇಡಂ, ಇದನ್ನ ಪಂಚಾಯ್ತಿಗೆ ಕೊಟ್ರೆ ಲೈಟ್ ಹಾಕ್ತಾರಾ?" ಮಾರ್ಗದರ್ಶಕ ಶಿಕ್ಷಕರ ಒಪ್ಪಿಗೆ ಪಡೆದು, ಮಕ್ಕಳು ಪಟ್ಟಿಯನ್ನೂ ಒಂದು ಪುಟದ ಅರ್ಜಿಯನ್ನೂ ಪಿಡಿಒ ಅವರಿಗೆ ತಲುಪಿಸಿ ಸ್ವೀಕೃತಿ ಪಡೆದರು. ಬಂದ ಉತ್ತರ ಅರ್ಧ ಸಿಹಿ. ಕೆಲವು ಬೀದಿಗಳ ದೀಪ ಬದಲಾಯಿಸುತ್ತೇವೆ ಎಂದಿತ್ತು. ಹೊಸ ಬಡಾವಣೆಯ ಕಂಬಗಳು ಇನ್ನೂ ಪಂಚಾಯಿತಿಗೆ ಹಸ್ತಾಂತರವಾಗಿಲ್ಲ ಎಂದೂ ಇತ್ತು. ಹೊಸ ಬಡಾವಣೆಯ ಮಕ್ಕಳಿಗೆ ಬೇಸರವಾಯಿತು. ಆದರೆ 'ಹಸ್ತಾಂತರ' ಎಂದರೇನು, ಹಾಗಾದರೆ ಯಾರನ್ನು ಕೇಳಬೇಕು ಎಂಬ ಚರ್ಚೆ ಅಲ್ಲಿಂದಲೇ ಶುರುವಾಯಿತು.

ಈ ಅನುಭವದಿಂದ ಮತ್ತು ಮೇಲಿನ ಉದಾಹರಣೆಗಳಿಂದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾಗುವ ನಾಲ್ಕು ಅಂಶಗಳನ್ನು ಹೇಳಬಹುದು.

1. ಸ್ಥಳೀಯ ಸಂಸ್ಥೆಯ ಅಧಿಕಾರದೊಳಗಿನ ವಿಷಯವನ್ನೇ ಆರಿಸಬೇಕು. ದೇಶದ ನಿರುದ್ಯೋಗದ ಬಗ್ಗೆ ಪಂಚಾಯಿತಿ ಉತ್ತರಿಸಲಾರದು. ಚರಂಡಿಯ ಬಗ್ಗೆ ಉತ್ತರಿಸಲೇಬೇಕು.

2. ಬೇಡಿಕೆಗೆ ಮುಂಚೆ ಎಣಿಕೆ, ಅಳತೆ, ನಕ್ಷೆ ಇರಬೇಕು. 'ದೀಪ ಇಲ್ಲ' ಎಂಬ ಮಾತನ್ನು ತಳ್ಳಿಹಾಕಬಹುದು, ಕಂಬಗಳ ಪಟ್ಟಿಯನ್ನು ತಳ್ಳಿಹಾಕುವುದು ಕಷ್ಟ. ಗಣಿತ, ವಿಜ್ಞಾನ ಶಿಕ್ಷಕರ ಪಾತ್ರ ಇಲ್ಲಿದೆ.

3. ಮಾತಿನ ಮಲ್ಲರಷ್ಟೇ ಪ್ರತಿನಿಧಿಗಳಾಗಬಾರದು. ಹಿಂದಿನ ಬೆಂಚಿನವರು, ದೂರದ ಹಾಡಿಯಿಂದ, ತಾಂಡಾದಿಂದ ನಡೆದು ಬರುವವರು ಎಣಿಸಿ ತಂದ ಮಾಹಿತಿಗೆ ಪಟ್ಟಿಯಲ್ಲಿ ಸಮಾನ ಜಾಗ ಸಿಗಬೇಕು.

4. ಉತ್ತರ, ಅದು 'ಆಗುವುದಿಲ್ಲ' ಎಂದಿದ್ದರೂ, ತರಗತಿಗೆ ಮರಳಿ ಬರಬೇಕು. ಉತ್ತರವೇ ಇಲ್ಲದ ಸಭೆಗೆ ಎರಡನೇ ವರ್ಷ ಮಕ್ಕಳು ಮನಸ್ಸಿಟ್ಟು ಬರುವುದಿಲ್ಲ.

ಎದುರಾಗುವ ತೊಡಕುಗಳು

ದೊಡ್ಡ ತೊಡಕು ಸಮಯದ್ದಲ್ಲ, ಭಯದ್ದು. ಮಕ್ಕಳ ಗ್ರಾಮ ಸಭೆಗೆ ಮುಂಚೆ ಕೆಲವು ಶಾಲೆಗಳಲ್ಲಿ ಶಿಕ್ಷಕರೇ ಪ್ರಶ್ನೆಗಳನ್ನು ಬರೆದುಕೊಟ್ಟು ಬಾಯಿಪಾಠ ಮಾಡಿಸುವ ರೂಢಿಯಿದೆ. ಶೌಚಾಲಯದ ಬಾಗಿಲು ಮುರಿದಿದೆ ಎಂದು ಮಗು ಎಲ್ಲರೆದುರು ಹೇಳಿದರೆ ಶಾಲೆಯ ಮರ್ಯಾದೆ ಹೋಗುತ್ತದೆ ಎಂಬ ಅಂಜಿಕೆ ಅದರ ಹಿಂದಿದೆ. ಆ ಅಂಜಿಕೆ ಅರ್ಥವಾಗದ್ದೇನಲ್ಲ. ಮರುದಿನ ವಿವರಣೆ ಕೊಡಬೇಕಾದವರು ಮುಖ್ಯ ಶಿಕ್ಷಕರೇ. ಆದರೆ ಬಾಯಿಪಾಠದ ಪ್ರಶ್ನೆ ಕೇಳಿದ ಮಗು ಏಣಿಯ ಮೊದಲ ಮೆಟ್ಟಿಲಲ್ಲೇ ಇರುತ್ತದೆ. ಬಾಗಿಲು ಮುರಿದಿದ್ದರಿಂದ ತಿಂಗಳಲ್ಲಿ ಕೆಲವು ದಿನ ಶಾಲೆಗೆ ಬಾರದ ಹುಡುಗಿಯ ಕಷ್ಟ ಹಾಗೆಯೇ ಉಳಿಯುತ್ತದೆ. ಇದಕ್ಕೆ ಒಂದು ದಾರಿಯೆಂದರೆ ಪ್ರಶ್ನೆಯನ್ನು ತಡೆಯದೆ ಅದರ ಸ್ವರೂಪವನ್ನು ಮಕ್ಕಳೊಂದಿಗೆ ಚರ್ಚಿಸುವುದು: ಇದು ಶಾಲೆ ಸರಿಪಡಿಸಬಹುದಾದದ್ದೋ, ಪಂಚಾಯಿತಿ ಅನುದಾನ ಬೇಕಾದದ್ದೋ? ಹೀಗೆ ವಿಂಗಡಿಸಿದಾಗ ಪ್ರಶ್ನೆ ದೂರಾಗಿ ಕೇಳಿಸದೆ ಶಾಲೆಯ ಪರವಾದ ಕೋರಿಕೆಯಾಗಿ ಕೇಳಿಸುತ್ತದೆ.

ಎರಡನೆಯ ತೊಡಕು ನಮ್ಮದೇ. ಬೋಧನಾಭ್ಯಾಸ ಮುಗಿದ ದಿನ ನಾವು ಶಾಲೆ ಬಿಡುತ್ತೇವೆ. ಅರ್ಜಿಯ ಉತ್ತರ ನಮ್ಮ ವೇಳಾಪಟ್ಟಿಗೆ ಕಾಯುವುದಿಲ್ಲ. ಆದ್ದರಿಂದ ಇಂಥ ಚಟುವಟಿಕೆಯನ್ನು ಮೊದಲ ವಾರದಲ್ಲೇ ಆರಂಭಿಸಬೇಕು, ಸ್ವೀಕೃತಿಯ ಪ್ರತಿಯನ್ನು ಮಾರ್ಗದರ್ಶಕ ಶಿಕ್ಷಕರಿಗೂ ತರಗತಿಯ ಮಕ್ಕಳಿಗೂ ಒಪ್ಪಿಸಬೇಕು. ನಮ್ಮ ಕಾಲೇಜು ಪ್ರತಿ ಬೋಧನಾಭ್ಯಾಸ ಶಾಲೆಗೂ ಒಂದು ದಾಖಲೆ ಪುಸ್ತಕವಿಟ್ಟು, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅದನ್ನು ಓದಿಯೇ ಆ ಶಾಲೆಗೆ ಹೋಗುವಂತೆ ಮಾಡಿದರೆ, ಈ ವರ್ಷದ ಮಕ್ಕಳು ಕೇಳಿದ ಪ್ರಶ್ನೆ ಮುಂದಿನ ವರ್ಷವೂ ಜೀವಂತವಾಗಿರುತ್ತದೆ. ಇದಕ್ಕೆ ಬೇಕಾಗುವುದು ಒಂದು 200 ಪುಟದ ನೋಟ್‌ಬುಕ್ಕು ಮತ್ತು ಅದನ್ನು ತೆರೆದು ನೋಡುವ ಒಬ್ಬ ಉಪನ್ಯಾಸಕರು. ಉಪನ್ಯಾಸಕ ವರ್ಗ ಇದನ್ನು ಪರಿಶೀಲಿಸಬೇಕೆಂದು ಕೋರುತ್ತೇನೆ.