ದ್ವಿತೀಯ ಪಿಯುಸಿ ಮಕ್ಕಳ ಕಾಲೇಜು ಅರ್ಜಿ: ಜೈನ ಕುಟುಂಬಗಳು ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ದಸರಾ ರಜೆ ಮುಗಿಯಿತೆಂದರೆ ಮಾತೆಲ್ಲ ಟ್ಯೂಷನ್, ಪೂರ್ವಸಿದ್ಧತಾ ಪರೀಕ್ಷೆ, ಸಿಇಟಿ, ನೀಟ್ ಇವುಗಳ ಸುತ್ತಲೇ ತಿರುಗುತ್ತದೆ. ದಾಖಲೆಗಳ ನೆನಪಾಗುವುದು ಅರ್ಜಿ ತುಂಬಲು ಕಂಪ್ಯೂಟರ್ ಮುಂದೆ ಕುಳಿತ ದಿನ. ಅಷ್ಟರಲ್ಲಿ ತಡವಾಗಿರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಸಿಇಟಿ ಅರ್ಜಿಯನ್ನು ಸಾಮಾನ್ಯವಾಗಿ ಜನವರಿ ಹೊತ್ತಿಗೆ ಕರೆಯುತ್ತದೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರದ ಆರ್.ಡಿ. ಸಂಖ್ಯೆಯನ್ನು ಆ ಅರ್ಜಿಯಲ್ಲೇ ನಮೂದಿಸಬೇಕು. ತಿದ್ದುಪಡಿಗೆ ಕೊಟ್ಟ ಅವಧಿ ಮುಗಿದ ಮೇಲೆ ಪ್ರವರ್ಗ ಬದಲಿಸಲು ಅವಕಾಶ ಸಿಗುವುದು ಕಷ್ಟ. ಎಷ್ಟೋ ಜೈನ ಮಕ್ಕಳು ತಮಗೆ ಹಕ್ಕಾಗಿ ಬರಬೇಕಾದ ಸೌಲಭ್ಯವನ್ನು ಕಳೆದುಕೊಳ್ಳುವುದು ಅಂಕ ಕಡಿಮೆಯಾಗಿ ಅಲ್ಲ, ಒಂದು ಕಾಗದ ಸಕಾಲಕ್ಕೆ ಕೈಯಲ್ಲಿಲ್ಲದೆ.

ಎರಡು ಬೇರೆ ಬೇರೆ ಪ್ರಮಾಣ ಪತ್ರಗಳು

ಜೈನರಿಗೆ ಸಂಬಂಧಿಸಿದ ಎರಡು ಪ್ರಮಾಣ ಪತ್ರಗಳಿವೆ. ಅವೆರಡೂ ಒಂದೇ ಎಂಬ ತಪ್ಪು ತಿಳಿವಳಿಕೆ ನಮ್ಮ ಸಮಾಜದಲ್ಲಿ ಇನ್ನೂ ಇದೆ.

ಮೊದಲನೆಯದು ಪ್ರವರ್ಗ 3ಬಿ ಪ್ರಮಾಣ ಪತ್ರ. ರಾಜ್ಯ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 3ಬಿ ಅಡಿ ‘ಜೈನ (ದಿಗಂಬರ)’ ಎಂದು ನಮೂದಾಗಿದೆ. ಈ ಪ್ರವರ್ಗಕ್ಕೆ ಶೇ. 5 ಮೀಸಲಾತಿ ಇದೆ. ಲಿಂಗಾಯತರು, ಮರಾಠರು, ಬಂಟರು, ಕ್ರೈಸ್ತರು ಕೂಡ ಇದೇ ಪ್ರವರ್ಗದಲ್ಲಿರುವುದರಿಂದ ಪೈಪೋಟಿ ಸಣ್ಣದೇನಲ್ಲ. ಆದರೂ ಪ್ರವರ್ಗದಿಂದ ಪ್ರಯೋಜನವಿದೆ. ಎಂಜಿನಿಯರಿಂಗ್‌ಗೆ ಅರ್ಹರಾಗಲು ಸಾಮಾನ್ಯ ವರ್ಗದವರಿಗೆ ಪಿಯುಸಿಯ ಐಚ್ಛಿಕ ವಿಷಯಗಳಲ್ಲಿ ಶೇ. 45 ಅಂಕ ಬೇಕು, ಮೀಸಲು ಪ್ರವರ್ಗದವರಿಗೆ ಶೇ. 40 ಸಾಕು. ಪ್ರವರ್ಗ ಕೇಳಿದವರಿಗೆ ಸಾಮಾನ್ಯ ಸೀಟು ತಪ್ಪಿಹೋಗುತ್ತದೆ ಎಂಬ ಭಯಕ್ಕೂ ಆಧಾರವಿಲ್ಲ. ರ‍್ಯಾಂಕ್ ಇದ್ದರೆ ಸಾಮಾನ್ಯ ಅರ್ಹತೆಯಲ್ಲೇ ಸೀಟು ಸಿಗುತ್ತದೆ, ಇಲ್ಲದಿದ್ದಾಗ ಮಾತ್ರ 3ಬಿ ನೆರವಿಗೆ ಬರುತ್ತದೆ. ‘ನಮಗ್ಯಾಕೆ ಮೀಸಲಾತಿ’ ಎಂದು ಹಿರಿಯರು ಸಂಕೋಚಪಟ್ಟು ಆ ಕಲಂ ಖಾಲಿ ಬಿಟ್ಟರೆ ಅದರ ಬೆಲೆ ತೆರುವವರು ಮಕ್ಕಳು.

3ಬಿ ಪ್ರಮಾಣ ಪತ್ರವನ್ನು ತಹಶೀಲ್ದಾರರು ಕೊಡುತ್ತಾರೆ. ಅರ್ಜಿಯನ್ನು ನಾಡಕಚೇರಿಯ ಅಟಲ್‌ಜೀ ಜನಸ್ನೇಹಿ ಕೇಂದ್ರದಲ್ಲಿ ಅಥವಾ ಆನ್‌ಲೈನ್‌ನಲ್ಲಿ ಸಲ್ಲಿಸಬಹುದು. ಇದು ಜಾತಿ ಮತ್ತು ಆದಾಯ ಎರಡೂ ಸೇರಿರುವ ಪತ್ರ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮಿತಿಯನ್ನು ಮೀರಿದರೆ ಕೆನೆಪದರ ಎಂದಾಗಿ ಮೀಸಲಾತಿ ಸಿಗದು. ಪತ್ರದ ಅವಧಿ 5 ವರ್ಷ. ಎಂಟನೇ ತರಗತಿಯ ವಿದ್ಯಾರ್ಥಿವೇತನಕ್ಕೆಂದು ಮಾಡಿಸಿದ ಪತ್ರ ಬೀರುವಿನಲ್ಲಿದೆ ಎಂದು ನಿಶ್ಚಿಂತೆಯಿಂದ ಇರುವವರು ಅದರ ದಿನಾಂಕವನ್ನು ಇಂದೇ ನೋಡುವುದು ಒಳ್ಳೆಯದು.

ಎರಡನೆಯದು ಅಲ್ಪಸಂಖ್ಯಾತ ಪ್ರಮಾಣ ಪತ್ರ. ಕೇಂದ್ರ ಸರ್ಕಾರ 2014ರ ಜನವರಿಯಲ್ಲಿ ಅಧಿಸೂಚನೆ ಹೊರಡಿಸಿ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿತು. ಇಲ್ಲಿ ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲ. ಇದು ಮೀಸಲಾತಿ ಪ್ರವರ್ಗವಲ್ಲ. ಸಂವಿಧಾನದ 30ನೇ ವಿಧಿಯಡಿ ಅಲ್ಪಸಂಖ್ಯಾತರು ನಡೆಸುವ ಕಾಲೇಜುಗಳಲ್ಲಿ ಆ ಸಮುದಾಯದ ಮಕ್ಕಳಿಗೆ ಇರುವ ಸೀಟು, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯ ಮತ್ತು ವಿದ್ಯಾರ್ಥಿವೇತನ, ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶೈಕ್ಷಣಿಕ ಸಾಲ ಮೊದಲಾದವುಗಳಿಗೆ ಇದು ಬೇಕು. ಸಿಇಟಿ ಅರ್ಜಿಯಲ್ಲಿ ಪ್ರವರ್ಗದ ಕಲಂ ಬೇರೆ, ಧಾರ್ಮಿಕ ಅಲ್ಪಸಂಖ್ಯಾತರ ಕಲಂ ಬೇರೆ. ದಿಗಂಬರ ವಿದ್ಯಾರ್ಥಿ ಎರಡನ್ನೂ ತುಂಬಬಹುದು. ಶ್ವೇತಾಂಬರ ವಿದ್ಯಾರ್ಥಿ ಸಾಮಾನ್ಯ ವರ್ಗದಲ್ಲಿದ್ದುಕೊಂಡೇ ಎರಡನೆಯದನ್ನು ತುಂಬಬಹುದು.

ಹೆಸರಿನಲ್ಲಿ ‘ಜೈನ್’ ಎಂದಿರುವ ಅಥವಾ ಜೈನ ಟ್ರಸ್ಟ್ ನಡೆಸುವ ಎಲ್ಲ ಕಾಲೇಜುಗಳಿಗೂ ಅಲ್ಪಸಂಖ್ಯಾತ ಸಂಸ್ಥೆಯ ಮಾನ್ಯತೆ ಇರುತ್ತದೆಂದು ಭಾವಿಸಬಾರದು. ಮಾನ್ಯತೆಗೆ ಸರ್ಕಾರದ ಅಥವಾ ರಾಷ್ಟ್ರೀಯ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ಆಯೋಗದ ಪ್ರತ್ಯೇಕ ಆದೇಶ ಇರಬೇಕು. ಆಪ್ಷನ್ ತುಂಬುವ ಮೊದಲು ಕಾಲೇಜಿನ ಕಚೇರಿಯಲ್ಲಿ ಇದನ್ನು ನೇರವಾಗಿ ಕೇಳಿಕೊಳ್ಳಬೇಕು.

ಐಐಟಿ, ಎನ್‌ಐಟಿಯಂಥ ಕೇಂದ್ರ ಸಂಸ್ಥೆಗಳಿಗೆ ರಾಜ್ಯದ 3ಬಿ ಪತ್ರ ನಡೆಯದು. ಅಲ್ಲಿ ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ, ನಮೂನೆಯೂ ಬೇರೆ. ಕೇಂದ್ರದ ಪಟ್ಟಿಯಲ್ಲಿ ಇಲ್ಲದ, 8 ಲಕ್ಷಕ್ಕಿಂತ ಕಡಿಮೆ ಆದಾಯವಿರುವ ಕುಟುಂಬಗಳಿಗೆ 2019ರಿಂದ ಜಾರಿಯಲ್ಲಿರುವ ಆರ್ಥಿಕವಾಗಿ ಹಿಂದುಳಿದವರ ಶೇ. 10 ಕೋಟಾ ಇದೆ. ಅದಕ್ಕೆ ಜಮೀನು, ಮನೆ, ನಿವೇಶನದ ಅಳತೆಯ ಮಿತಿಗಳೂ ಇರುವುದರಿಂದ ಪಹಣಿ ಮತ್ತು ಮನೆಯ ಪತ್ರಗಳನ್ನು ನೋಡಿಕೊಂಡೇ ಅರ್ಜಿ ಹಾಕಬೇಕು.

ಟಿಸಿಯಲ್ಲಿ ಏನಿದೆ?

ನಿಜವಾದ ತೊಡಕು ಶುರುವಾಗುವುದು ಇಲ್ಲಿ. ಒಂದನೇ ತರಗತಿಗೆ ಸೇರಿಸುವ ದಿನ ಶಾಲೆಯಲ್ಲಿ ಯಾರೋ ಬರೆದ ಎರಡು ಪದ ಹನ್ನೆರಡು ವರ್ಷ ಹಾಗೆಯೇ ಮುಂದುವರಿಯುತ್ತವೆ. ಧರ್ಮದ ಕಲಂನಲ್ಲಿ ‘ಹಿಂದೂ’, ಜಾತಿಯ ಕಲಂನಲ್ಲಿ ‘ಜೈನ’ ಎಂದಿರುವ ದಾಖಲೆಗಳು ಉತ್ತರ ಕರ್ನಾಟಕದಲ್ಲೂ ಕರಾವಳಿಯಲ್ಲೂ ಕಾಣಸಿಗುತ್ತವೆ. ಕೆಲವರದು ‘ಹಿಂದೂ ಜೈನ’ ಎಂದು ಕೂಡಿಯೇ ಇರುತ್ತದೆ. ಚತುರ್ಥ, ಪಂಚಮ, ಬೋಗಾರ ಎಂಬ ಒಳಪಂಗಡದ ಹೆಸರನ್ನಷ್ಟೇ ಬರೆಸಿ ‘ಜೈನ’ ಪದವನ್ನೇ ಬಿಟ್ಟಿರುವುದೂ ಉಂಟು. ಕರಾವಳಿಯ ಜೈನರಲ್ಲಿ ಶೆಟ್ಟಿ, ಹೆಗ್ಗಡೆ, ಬಲ್ಲಾಳ ಎಂಬ ಉಪನಾಮಗಳಿವೆ, ಬೆಳಗಾವಿ ಕಡೆ ಪಾಟೀಲ, ಚೌಗುಲೆ, ಮಗದುಮ್ಮ ಇವೆ. ಈ ಉಪನಾಮ ನೋಡಿ ಅಧಿಕಾರಿಗಳು ಬೇರೆ ಸಮುದಾಯವೆಂದು ತಿಳಿಯುವುದು ಸಹಜ.

ಧರ್ಮ ‘ಹಿಂದೂ’ ಎಂದಿದ್ದರೆ ಅಲ್ಪಸಂಖ್ಯಾತ ಪತ್ರಕ್ಕೆ ಅಡ್ಡಿಯಾಗುತ್ತದೆ. ಜಾತಿ ಬರೀ ‘ಜೈನ’ ಎಂದಿದ್ದರೆ 3ಬಿ ಪತ್ರಕ್ಕೆ ದಿಗಂಬರ ಎಂಬುದಕ್ಕೆ ಆಧಾರ ಕೇಳುತ್ತಾರೆ. ತಂದೆಯ ಶಾಲಾ ದಾಖಲೆ, ತಂದೆಯ ಕಡೆಯ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಈಗಾಗಲೇ ಸಿಕ್ಕಿರುವ 3ಬಿ ಪತ್ರ, ವಂಶವೃಕ್ಷ ಇವು ಗಟ್ಟಿಯಾದ ಆಧಾರಗಳು. ಊರಿನ ಬಸದಿಯ ಆಡಳಿತ ಸಮಿತಿ ಕೊಡುವ ಪತ್ರ ಪೂರಕವಾಗಬಲ್ಲದು, ಅದೊಂದೇ ಸಾಲದು. ಅರ್ಜಿ ಸಲ್ಲಿಸಿದ ಮೇಲೆ ಗ್ರಾಮ ಆಡಳಿತಾಧಿಕಾರಿ ಮತ್ತು ಕಂದಾಯ ನಿರೀಕ್ಷಕರ ವಿಚಾರಣೆ ಇರುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವ ಕುಟುಂಬಕ್ಕಿಂತ ಅಜ್ಜ ಅಜ್ಜಿ ಇರುವ ಊರಿನಲ್ಲಿ ಕುಟುಂಬದ ಗುರುತು ಹೇಳುವವರು ಹೆಚ್ಚು. ಆದರೆ ಅರ್ಜಿಯನ್ನು ವಾಸಸ್ಥಳದ ದಾಖಲೆ ಇರುವ ಕಡೆಯೇ ಹಾಕಬೇಕಾಗುತ್ತದೆ. ಹಾಗಾಗಿ ಊರಿನಿಂದ ತರಬೇಕಾದ ಕಾಗದಗಳನ್ನು ದೀಪಾವಳಿಗೆ ಹೋದಾಗಲೇ ತಂದಿಟ್ಟುಕೊಳ್ಳುವುದು ಜಾಣತನ.

ಶಾಲಾ ದಾಖಲೆ ತಿದ್ದಿಸಲು ಮೊದಲು ಹೋಗಬೇಕಾದ್ದು ಆ ಶಾಲೆಯ ಮುಖ್ಯೋಪಾಧ್ಯಾಯರ ಬಳಿಗೆ. ಅಲ್ಲಿಂದ ವಿಷಯ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗುತ್ತದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ತಿದ್ದುವ ಅರ್ಜಿಯೂ ಶಾಲೆಯ ಮೂಲಕವೇ ಪರೀಕ್ಷಾ ಮಂಡಳಿಗೆ ಹೋಗಬೇಕು. ಜನ್ಮ ದಿನಾಂಕ ಬದಲಿಸಬೇಕೆಂದರೆ ನ್ಯಾಯಾಲಯದ ಆದೇಶ ಬೇಕು. ಇದ್ಯಾವುದೂ ವಾರದಲ್ಲಿ ಮುಗಿಯುವ ಕೆಲಸವಲ್ಲ. ಒಂಬತ್ತು, ಹತ್ತನೇ ತರಗತಿಯ ಮಕ್ಕಳಿರುವ ಪೋಷಕರು ಈಗಲೇ ಈ ಎರಡು ಕಲಂ ನೋಡಿಬಿಟ್ಟರೆ ಮುಂದಿನ ಓಡಾಟವೇ ತಪ್ಪುತ್ತದೆ. ಹೆಸರಿನ ವಿಷಯದಲ್ಲೂ ಅಷ್ಟೇ. ಆಧಾರ್‌ನಲ್ಲಿ ‘ಜೈನ್’ ಸೇರಿಸಿ, ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಹೊಂದಾಣಿಕೆಯಾಗದೆ ಅರ್ಜಿ ನಿಲ್ಲಬಹುದು. ಅಂಕಪಟ್ಟಿಯಲ್ಲಿರುವಂತೆ ಆಧಾರ್ ತಿದ್ದಿಸುವುದು ಸುಲಭದ ದಾರಿ.

ಗುರುಕುಲದಲ್ಲಿ, ಗಡಿಯಾಚೆ ಓದಿದ ಮಕ್ಕಳು

ಸಿಇಟಿ ಮೂಲಕ ಸರ್ಕಾರಿ ಸೀಟು ಪಡೆಯಲು ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು ಮತ್ತು ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿಯನ್ನು ಇಲ್ಲಿಯೇ ಉತ್ತೀರ್ಣರಾಗಿರಬೇಕು ಎಂಬುದು ಮೊದಲ ನಿಯಮ. ಬೆಳಗಾವಿ ಜಿಲ್ಲೆಯ ಕುಟುಂಬಗಳು ಇದನ್ನು ಬೆರಳೆಣಿಸಿ ನೋಡಬೇಕು. ನಾಲ್ಕನೇ ತರಗತಿವರೆಗೆ ಊರಿನಲ್ಲಿ ಓದಿ, ಐದರಿಂದ ಹತ್ತರವರೆಗೆ ಕುಂಭೋಜ ಬಾಹುಬಲಿಯಂಥ ಮಹಾರಾಷ್ಟ್ರದ ಗುರುಕುಲದಲ್ಲಿದ್ದು, ಪಿಯುಸಿಗೆ ಮರಳಿದ ವಿದ್ಯಾರ್ಥಿಯ ಲೆಕ್ಕ ಹೀಗಾಗುತ್ತದೆ: ಇಲ್ಲಿ 4 ವರ್ಷ, ಮತ್ತೆ 2 ವರ್ಷ, ಒಟ್ಟು 6. ಒಂದು ವರ್ಷ ಕಡಿಮೆ.

ಇಂಥವರಿಗೆ ದಾರಿ ಮುಚ್ಚಿಲ್ಲ. ಪ್ರಥಮ ಮತ್ತು ದ್ವಿತೀಯ ಪಿಯುಸಿ ಕರ್ನಾಟಕದಲ್ಲಿ ಓದಿ ಉತ್ತೀರ್ಣರಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಇನ್ನೊಂದು ನಿಯಮದಡಿ ಅರ್ಹತೆ ಸಿಗುತ್ತದೆ. ಅದಕ್ಕೆ ಪೋಷಕರ ವ್ಯಾಸಂಗ ಪ್ರಮಾಣ ಪತ್ರ ಬೇಕು. ಮೂವತ್ತು ವರ್ಷ ಹಿಂದಿನ ಹಾಜರಿ ಪುಸ್ತಕವನ್ನು ಹುಡುಕಿಸಲು ಶಾಲೆಗೆ ಸಮಯ ಕೊಡಬೇಕಲ್ಲವೇ? ಜತ್, ಅಕ್ಕಲಕೋಟೆ, ಗಡಹಿಂಗ್ಲಜ, ಕಾಸರಗೋಡು, ಮಂಜೇಶ್ವರದಂಥ ಗಡಿನಾಡಿನ ಕನ್ನಡಿಗರಿಗೂ ಹೊರನಾಡ ಕನ್ನಡಿಗರಿಗೂ ಪ್ರತ್ಯೇಕ ಅವಕಾಶವಿದೆ. ಅವರು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು.

ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ರಾಜ್ಯದ ಗ್ರಾಮೀಣ ಶಾಲೆಯಲ್ಲಿ ಓದಿರಬೇಕು, ಕನ್ನಡ ಮಾಧ್ಯಮ ಕೋಟಾಕ್ಕೆ ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ. ನಡುವೆ ಒಂದು ವರ್ಷ ಪಟ್ಟಣದ ಶಾಲೆಯಲ್ಲಿದ್ದರೂ ಗ್ರಾಮೀಣ ಕೋಟಾ ಹೋಯಿತು. ಗ್ರಾಮೀಣ ವ್ಯಾಸಂಗ ಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ನಮ್ಮ ಸಮಾಜದಲ್ಲಿ ಒಕ್ಕಲುತನದ ಮನೆಗಳು ಬಹಳ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಮತ್ತು ಪ್ರಾಯೋಗಿಕ ಪರೀಕ್ಷೆ ಇರುವುದು ಅವರಲ್ಲಿ ಹಲವರಿಗೆ ಗೊತ್ತಿಲ್ಲ. ಎಂಜಿನಿಯರಿಂಗ್ ಗುಂಗಿನಲ್ಲಿ ಈ ಕೋರ್ಸುಗಳನ್ನು ಪೂರ್ತಿ ಮರೆಯುವುದು ದುರದೃಷ್ಟಕರ.

ಪರೀಕ್ಷೆ, ವ್ರತ ಮತ್ತು ಆಪ್ಷನ್

2024ರಿಂದ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿದ್ದು, ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಮತ್ತು ಸಿಇಟಿ ಅಂಕ ಅರ್ಧರ್ಧ ಸೇರುತ್ತವೆ. ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಬಿಟ್ಟುಬರಬಾರದು. ನೀಟ್‌ನಲ್ಲಿ ಕಡಿತವಿದೆ.

ಫಾಲ್ಗುಣದ ಅಷ್ಟಾಹ್ನಿಕ ಪರ್ವ ಬಹುತೇಕ ಪರೀಕ್ಷೆಯ ದಿನಗಳಲ್ಲೇ ಬರುತ್ತದೆ. ಮನೆಯಲ್ಲಿ ಹಿರಿಯರು ಏಕಾಶನ, ಉಪವಾಸ ಹಿಡಿದಾಗ ಮಕ್ಕಳೂ ಜೊತೆಯಾಗಲು ಬಯಸುತ್ತಾರೆ. ಪರೀಕ್ಷೆ ಬರೆಯುವವರು ಸ್ವಾಧ್ಯಾಯ, ದರ್ಶನಕ್ಕೆ ಸೀಮಿತವಾಗಿ, ಶಕ್ತಿ ಇದ್ದಷ್ಟು ವ್ರತ ಹಿಡಿದರೆ ಸಾಕು. ರಾತ್ರಿ ಓದುವ ಮಕ್ಕಳು ಸೂರ್ಯಾಸ್ತದ ಮೊದಲಿನ ಊಟ ಬಿಡದಂತೆ ಮನೆಯವರು ಸಂಜೆಯ ವೇಳೆಯನ್ನು ಹೊಂದಿಸಿಕೊಡಬಹುದು.

ಸೀಟು ಹಂಚಿಕೆಯಾದ ಮೇಲೆ ಬರುವ ನಾಲ್ಕು ಆಯ್ಕೆಗಳನ್ನು ಪೋಷಕರೂ ಓದಿಕೊಂಡಿರಬೇಕು. ಒಂದನೆಯದು, ಸೀಟು ಒಪ್ಪಿ ಕಾಲೇಜಿಗೆ ಸೇರುವುದು. ಎರಡನೆಯದು, ಸಿಕ್ಕ ಸೀಟನ್ನು ಹಿಡಿದಿಟ್ಟುಕೊಂಡು ಮುಂದಿನ ಸುತ್ತಿಗೆ ಕಾಯುವುದು. ಮೂರನೆಯದು, ಸೀಟು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕನೆಯದನ್ನು ಒತ್ತಿದರೆ ಪ್ರಕ್ರಿಯೆಯಿಂದಲೇ ಹೊರಗೆ. ಎರಡು ಮತ್ತು ಮೂರರ ನಡುವಿನ ವ್ಯತ್ಯಾಸ ತಿಳಿಯದೆ ಒಳ್ಳೆಯ ಸೀಟು ಕೈಬಿಟ್ಟರೆ ಅದು ಮರಳಿ ಸಿಗುವ ಭರವಸೆ ಇಲ್ಲ. ಅಣಕು ಹಂಚಿಕೆಯ ಫಲಿತಾಂಶ ಬಂದಾಗ ಮನೆಯವರೆಲ್ಲ ಕುಳಿತು ಆಪ್ಷನ್ ಕ್ರಮವನ್ನು ಮತ್ತೊಮ್ಮೆ ನೋಡಬೇಕು. ಬಯಸಿದ ಕೋರ್ಸನ್ನು ಮೇಲಿಡುವ ಧೈರ್ಯ ಬೇಕು, ಸೇರಲು ಮನಸ್ಸೇ ಇಲ್ಲದ ಕಾಲೇಜನ್ನು ಪಟ್ಟಿಗೆ ಹಾಕಬಾರದು.

ವಾಣಿಜ್ಯ ಮತ್ತು ಕಲಾ ವಿಭಾಗದವರಿಗೆ ಇಷ್ಟೊಂದು ಗೋಜಲಿಲ್ಲ. ರಾಜ್ಯ ವಿಶ್ವವಿದ್ಯಾಲಯಗಳ ಪದವಿ ಕಾಲೇಜುಗಳ ಪ್ರವೇಶ ಯುಯುಸಿಎಂಎಸ್ ಜಾಲತಾಣದ ಮೂಲಕ ನಡೆಯುತ್ತದೆ. ಸಿಎ ಫೌಂಡೇಶನ್ ಪರೀಕ್ಷೆ 2024ರಿಂದ ವರ್ಷಕ್ಕೆ ಮೂರು ಬಾರಿ ನಡೆಯುತ್ತಿದೆ. ಪ್ರಾಕೃತ, ಜೈನಶಾಸ್ತ್ರದಲ್ಲಿ ಆಸಕ್ತಿ ಇರುವವರಿಗೆ ಪದವಿಯ ನಂತರ ಮೈಸೂರು ವಿಶ್ವವಿದ್ಯಾಲಯದ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗವಿದೆ.

ಪರಊರಿಗೆ ಹೋಗುವ ಮಕ್ಕಳ ವಸತಿ ಮತ್ತು ಊಟದ ಪ್ರಶ್ನೆ ಹಳೆಯದೇ. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಹುಬ್ಬಳ್ಳಿಯಲ್ಲಿ ಜೈನ ಬೋರ್ಡಿಂಗ್‌ಗಳನ್ನು ನಡೆಸಿದ್ದು ಇದೇ ಕಾರಣಕ್ಕೆ. ಸಮಾಜದ ವಿದ್ಯಾರ್ಥಿನಿಲಯಗಳಲ್ಲಿ ಸ್ಥಳ ಸೀಮಿತವಾಗಿರುವುದರಿಂದ ಸೀಟು ಹಂಚಿಕೆಗೆ ಕಾಯದೆ, ಮಕ್ಕಳು ಹೋಗಬಹುದಾದ ಎರಡು ಮೂರು ಊರುಗಳಲ್ಲಿ ಮೊದಲೇ ವಿಚಾರಿಸಿಟ್ಟುಕೊಳ್ಳುವುದು ಒಳಿತು.

ಕಾಲೇಜಿಗೆ ಸೇರುವ ದಿನ ಮೂಲ ದಾಖಲೆಗಳನ್ನು ಕಚೇರಿಗೆ ಒಪ್ಪಿಸಬೇಕಾಗಬಹುದು. ಅದಕ್ಕೆ ಮೊದಲೇ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ, ನಾಲ್ಕಾರು ಜೆರಾಕ್ಸ್ ಪ್ರತಿಗಳನ್ನು ದೃಢೀಕರಿಸಿಟ್ಟುಕೊಳ್ಳಬೇಕು. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶ ಎಸ್‌ಎಸ್‌ಪಿಯಲ್ಲಿ ಮತ್ತು ಅರಿವು ಸಾಲಕ್ಕೆ ಅರ್ಜಿ ಹಾಕುವಾಗ ಅವೇ ಕಾಗದಗಳು ಮತ್ತೆ ಬೇಕು. ವಿದ್ಯಾರ್ಥಿಯ ಸ್ವಂತ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನೂ ಆ ವೇಳೆಗೆ ಬ್ಯಾಂಕಿಗೆ ಹೋಗಿ ಖಚಿತಪಡಿಸಿಕೊಂಡಿರಬೇಕು, ಮಂಜೂರಾದ ಹಣ ಬರುವುದು ಆ ಖಾತೆಗೇ.